ಏಳೂರು ಹೊಳೆಯ ನೀರಗಂಟಿ

ನನ್ನನ್ನು ಸಂದರ್ಶನ ಮಾಡಿದವರು ನಲವತ್ತೊಂದು ಜನ. ಅವರಲ್ಲಿ ಒಬ್ಬರಿಗೂ ನನಗೆ ಕೆಲಸ ಕೊಡುವ ಅಧಿಕಾರವಿರಲಿಲ್ಲ.

ಎಲ್ಲರೂ ಫೋನಿನಲ್ಲೇ ಇದ್ದರು. ತಲಾ ಒಂದು ಪ್ರಶ್ನೆ ಕೇಳಿದರು. ಸಿಟ್ಟು ಬಂದರೆ ಏನು ಮಾಡುತ್ತೀರಿ, ಈಜು ಬರುತ್ತದೆಯೇ, ಒಂದೇ ಮಾತನ್ನು ನೂರು ಸಲ ಹೇಳಬಲ್ಲಿರಾ. ಕೊನೆಯದಕ್ಕೆ ಮಾತ್ರ ನಾನು ಧೈರ್ಯವಾಗಿ ಉತ್ತರ ಕೊಟ್ಟೆ. ತುಮಕೂರಿನ ಬಸ್ ನಿಲ್ದಾಣದಲ್ಲಿ ವಿಚಾರಣೆಯ ಕಿಟಕಿಯ ಹಿಂದೆ ಹನ್ನೊಂದು ವರ್ಷ ಕೂತವಳು ನಾನು. ಶಿರಾ ಬಸ್ಸು ಎಷ್ಟು ಹೊತ್ತಿಗೆ ಎಂಬ ಪ್ರಶ್ನೆಗೆ ಎಷ್ಟು ಸಾವಿರ ಸಲ ಉತ್ತರ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಆಮೇಲೆ ಅಲ್ಲಿಗೆ ಮಾತಾಡುವ ಫಲಕ ಬಂತು. ಅದು ಆರು ಭಾಷೆಗಳಲ್ಲಿ, ನನಗಿಂತ ಸ್ಪಷ್ಟವಾಗಿ, ಬೇಸರವಿಲ್ಲದೆ ಹೇಳುತ್ತಿತ್ತು. ಎಂಟು ತಿಂಗಳು ಮನೆಯಲ್ಲಿ ಅತ್ತೆ ಸಿದ್ಧಗಂಗಮ್ಮನವರ ಜೊತೆ ಹೂ ಕಟ್ಟಿದೆ. ನನ್ನ ಮಾಲೆ ಸಡಿಲ ಎಂದು ಅವರು ದಿನವೂ ಹೇಳುತ್ತಿದ್ದರು. ಸಡಿಲವಾಗಿಯೇ ಇರುತ್ತಿತ್ತು.

ಏಳೂರು ಹೊಳೆ ಒಂದು ಆಟ. ಅದಕ್ಕೆ ಮಾಲೀಕರಿಲ್ಲ, ಕಚೇರಿಯಿಲ್ಲ, ಅಧ್ಯಕ್ಷರಿಲ್ಲ. ಹದಿನಾಲ್ಕು ವರ್ಷಗಳ ಹಿಂದೆ ಅದನ್ನು ಕಟ್ಟಿದ ಐದಾರು ಜನ ಒಂದು ಕರಾರು ಬರೆದು, ಅದನ್ನು ಯಂತ್ರದ ಭಾಷೆಗೆ ಇಳಿಸಿ, ತಮ್ಮ ಪಾಡಿಗೆ ಹೊರಟುಹೋಗಿದ್ದರು. ಅಲ್ಲಿಂದೀಚೆಗೆ ಆಡುವವರೇ ಮತ ಹಾಕುತ್ತಾರೆ, ಕರಾರು ಜಾರಿ ಮಾಡುತ್ತದೆ. ಆಡುವ ಪ್ರತಿಯೊಬ್ಬರ ಮನೆಯಲ್ಲೂ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದು ಇರುತ್ತದೆ. ಅದಕ್ಕೆ ಗೂಡು ಎನ್ನುತ್ತಾರೆ. ಇಲ್ಲದ ಹೊಳೆಯೊಂದರ ಒಂದು ಫರ್ಲಾಂಗು ನೀರನ್ನು, ಅದರ ದಡದ ಮನೆ, ತೋಟ, ತೂಬುಗಳನ್ನು ಆ ಗೂಡು ಲೆಕ್ಕ ಹಾಕುತ್ತಿರುತ್ತದೆ. ಎಲ್ಲ ಗೂಡುಗಳೂ ಸೇರಿದರೆ ಪೂರ್ತಿ ಹೊಳೆ. ಮೇಲಿನವನು ತೂಬು ಜಾಸ್ತಿ ಎತ್ತಿದರೆ ಕೆಳಗಿನವನ ತೋಟ ಒಣಗುತ್ತದೆ. ಇಷ್ಟೇ ಆಟ. ಎರಡು ಸಾವಿರದ ನೂರ ಅರವತ್ತು ಮನೆಗಳು ಇದನ್ನೇ ಹದಿನಾಲ್ಕು ವರ್ಷದಿಂದ ಆಡುತ್ತಿದ್ದವು. ಈಚೆಗೆ ಜಗಳ ಮಿತಿಮೀರಿದೆಯೆಂದು, ಎಲ್ಲರನ್ನೂ ಸಂಭಾಳಿಸಲು ಸಂಬಳ ಕೊಟ್ಟು ಒಬ್ಬರನ್ನು ಇಡಬೇಕೆಂದು ಮೊದಲ ಸಲ ಮತ ಹಾಕಿದ್ದರು. ಆ ಹುದ್ದೆಗೆ ಅವರಿಟ್ಟ ಹೆಸರು ನೀರಗಂಟಿ.

ಸಂದರ್ಶನ ಮುಗಿದು ಮೂರು ದಿನಕ್ಕೆ ಕರಾರಿನಿಂದ ಒಂದು ಸಾಲಿನ ಸಂದೇಶ ಬಂತು. ನೇಮಕವಾಗಿದೆ, ಪರ ಸಾವಿರದ ಎಂಟುನೂರ ಎರಡು ಮತ.

"ಅದ್ಯಾವ ನೀರಿಲ್ದಿರೋ ನೀರಗಂಟಿ ಕೆಲ್ಸನೇ?" ಎಂದರು ಅತ್ತೆ. ಅವರ ತವರಿನ ಕೆರೆಗೆ ತೂಬು ಎತ್ತಿ ಇಳಿಸಿ ನೀರು ಹಂಚುವ ನಿಜವಾದ ನೀರಗಂಟಿಯಿದ್ದ. "ನಿಮ್ ಸಾವ್ಕಾರ ಯಾರು?"

"ಯಾರೂ ಇಲ್ಲ ಅತ್ತೆ."

"ಅಂಗಾದ್ರೆ ತಪ್ಪು ಮಾಡುದ್ರೆ ಬೈಯೋರು ಯಾರೆ?"

"ಎಲ್ರೂ."

ಅತ್ತೆ ಹೂವಿನ ದಾರವನ್ನು ಹಲ್ಲಿನಲ್ಲಿ ಕಡಿದರು. "ಎಲ್ರೂ ಬೈಯೋದಾದ್ರೆ ಅದು ಸಂಸಾರ ಕಣೆ, ಕೆಲ್ಸ ಅಲ್ಲ."

ಕೆಲಸಕ್ಕೆ ಪ್ರತ್ಯೇಕ ಕೋಣೆ ಇರಬೇಕೆಂಬುದು ಷರತ್ತು. ಹಿಟ್ಟಿನ ಗಿರಣಿಯ ಮೇಲಿನ ಒಂದು ಕೋಣೆ ಸಿಕ್ಕಿತು. ಗೋಡೆಯ ತುಂಬ ಹೊಳೆ ಕಾಣುವ ಪರದೆ ಬಂತು. ಒಂದೊಂದು ಮನೆಗೂ ಒಂದು ದೀಪ. ಪ್ರತಿ ಮನೆಯವರೂ ವಾರಕ್ಕೊಮ್ಮೆ ತಮ್ಮ ಗೂಡಿನ ಮೇಲೆ ಹೆಬ್ಬೆರಳಿಡಬೇಕು. ಗೂಡು ನಾಡಿ ಹಿಡಿದು, ಮನೆಯಲ್ಲಿ ಜೀವವಿದೆ ಎಂದು ದೀಪ ಹಚ್ಚುತ್ತದೆ. ಕೆಳಗೆ ಗಿರಣಿ ಶುರುವಾದರೆ ನನ್ನ ಕುರ್ಚಿ ನಡುಗುತ್ತಿತ್ತು, ಗೋಡೆಯ ಮೇಲೆ ಎರಡು ಸಾವಿರ ದೀಪಗಳೂ ನಡುಗುತ್ತಿದ್ದವು. ನನಗೂ ಒಂದು ಗೂಡು, ಹೊಳೆಯ ತೀರಾ ಕೊನೆಯಲ್ಲಿ ಒಂದು ಮನೆ ಕೊಟ್ಟರು. ನಂಬರು 2161.

ಎಲ್ಲ ವಿವರಿಸಿದವರು ಕಾರ್ಕಳದ ಜೆಸಿಂತಾ. ಅವರು ನರ್ಸು. ನೀರಗಂಟಿ ಬೇಕೆಂದು ಸೂಚಿಸಿದವರೂ ಅವರೇ.

"ಇದರಲ್ಲಿ ಕೈಬದಲು ಅಂತ ಒಂದು ಉಂಟು," ಎಂದರು. "ನಿಮಗೆ ಹುಷಾರಿಲ್ಲ, ಊರಲ್ಲಿಲ್ಲ ಅಂದ್ರೆ ಬೇರೆ ಮನೆಯವರು ನಿಮ್ಮ ದೀಪ ಹಚ್ಚಬಹುದು. ನಿಮ್ಮ ಗೂಡು ಬಂದಾದ್ರೆ ಅವರ ಗೂಡೇ ನಿಮ್ಮ ನೀರು ನೋಡಿಕೊಳ್ತದೆ. ಒಂದು ನಂಬರ್ ಹಾಕಿ."

"ನನಗೆ ಯಾರೂ ಗೊತ್ತಿಲ್ಲವಲ್ಲ."

"ಯಾವುದಾದ್ರೂ ಹಾಕಿ ಮಾರಾಯ್ತಿ. ನಾವೆಲ್ಲ ಹಾಗೆಯೇ ಹಾಕಿದ್ದು."

ನನಗೆ ಗೊತ್ತಿದ್ದ ಒಂದೇ ನಂಬರು 610. ಅದು ಗೊತ್ತಿದ್ದದ್ದಕ್ಕೂ ಕಾರಣವಿತ್ತು. ನನ್ನನ್ನು ನೇಮಿಸಲು ಕಾರಣವಾದ ಜಗಳಗಳಲ್ಲಿ ಮೊದಲನೆಯದು 610 ಮತ್ತು 611ರದು. 610 ಗದಗದ ಬಸಲಿಂಗಪ್ಪ, ವಯಸ್ಸಾದ ದರ್ಜಿ. 611 ಪುತ್ತೂರಿನ ಐತಪ್ಪ. ತೂಬಿನ ನೀರಿನ ವಿಚಾರಕ್ಕೆ ಇಬ್ಬರೂ ಹನ್ನೊಂದು ವರ್ಷದಿಂದ ಬರೆದಾಡಿಕೊಳ್ಳುತ್ತಿದ್ದರು. ವಾರಕ್ಕೆ ಮೂರು ದೂರು ಆ ಕಡೆಯಿಂದ, ನಾಲ್ಕು ಈ ಕಡೆಯಿಂದ. ಭಾಷೆ ಓದಿದರೆ ಕಿವಿ ಬಿಸಿಯಾಗುತ್ತಿತ್ತು. ಅಂಥವು ಹೊಳೆಯುದ್ದಕ್ಕೂ ನೂರಾರು.

ಜಗಳ ಬಿಡಿಸುವುದು ನನಗೆ ಬರುವುದಿಲ್ಲ. ಯಾರಾದರೂ ದನಿ ಏರಿಸಿದರೆ ತಪ್ಪು ನನ್ನದೇ ಇರಬೇಕು ಎನ್ನಿಸುತ್ತದೆ. ಆದರೆ ವೇಳಾಪಟ್ಟಿ ಮಾಡಲು ಬರುತ್ತದೆ. ಎರಡನೆಯ ವಾರ ಕೂತು, ಬಸ್ಸುಗಳಿಗೆ ಮಾಡುವಂತೆಯೇ, ಎರಡು ಸಾವಿರ ತೂಬುಗಳಿಗೂ ಸಮಯ ಬರೆದೆ. 610 ಬೆಳಿಗ್ಗೆ ಆರರಿಂದ ಏಳೂ ಹತ್ತು. 611 ಏಳೂ ಹತ್ತರಿಂದ ಎಂಟೂ ಇಪ್ಪತ್ತು. ಯಾರದ್ದೂ ಯಾರಿಗೂ ಅಡ್ಡ ಬರದಂತೆ. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡುವಾಗ ಕಲಿತ ಅಂಕಿಅಂಶವೆಲ್ಲ ಉಪಯೋಗಕ್ಕೆ ಬಂತು. ಮತಕ್ಕೆ ಹಾಕಿದೆ, ಪಾಸಾಯಿತು.

ಜಗಳ ನಿಂತಿತು. ಸುಮ್ಮನೆ ಕಡಿಮೆಯಾಗಲಿಲ್ಲ, ನಿಂತೇಹೋಯಿತು. ಮೊದಲ ತಿಂಗಳ ಕೊನೆಗೆ ಜೆಸಿಂತಾ ಫೋನು ಮಾಡಿ, "ಎಂತ ಮಂತ್ರ ಹಾಕಿದ್ರಿ ಸುಧಾಮಣಿ?" ಎಂದು ಕೇಳಿದರು. ಪಾವಗಡದ ಸೋಲಾರ್ ಪಾರ್ಕಿನಲ್ಲಿ ಕೆಲಸ ಮಾಡುವ ನನ್ನ ಗಂಡ ಹನುಮಂತರಾಯ, ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದಾಗ ಎಂದೂ ಇಲ್ಲದ ಹಾಗೆ, "ಇದನ್ನ ಬಿಡ್ಬೇಡ ನೀನು. ನಿನ್ ಮುಖ ನೋಡ್ಕೊ, ಎಷ್ಟ್ ಲಕ್ಷಣವಾಗೈತೆ," ಎಂದರು. ನಾನು ನಿಜವಾಗಿಯೂ ಕನ್ನಡಿ ನೋಡಿಕೊಂಡೆ.

ಎರಡನೆಯ ತಿಂಗಳು ಶುರುವಾಗಿ ಎರಡು ವಾರವಾಗಿತ್ತು. ಬೆಳಿಗ್ಗೆ ಕೋಣೆಯ ಬೀಗ ತೆಗೆದರೆ ಗೋಡೆಯ ಮೇಲೆ ಒಂದು ಸಾಲು ಕಪ್ಪಾಗಿತ್ತು.

ಹದಿನೇಳು ಮನೆ. ದೀಪ ಆರಿದ್ದಲ್ಲ, ಮನೆಗಳೇ ಇರಲಿಲ್ಲ. ಕರಾರು ಅವುಗಳನ್ನು ಪಾಳು ಎಂದು ತೀರ್ಮಾನಿಸಿ ಅಳಿಸಿಹಾಕಿತ್ತು. 1304ರಲ್ಲಿ ಯಾರೋ ಒಬ್ಬ ಹೆಂಗಸು ಹೊಳೆಗೆ ಇಳಿಯಲು ನೂರಾ ಎಂಟು ಮೆಟ್ಟಿಲು ಕಟ್ಟಿದ್ದಳು. ಒಂದೊಂದೇ ಕಲ್ಲು ಕೂರಿಸಿ, ಮೂರು ವರ್ಷ ಹಿಡಿದು. ಪರದೆಯಲ್ಲಿ ನಾನೇ ಹೋಗಿ ನೋಡಿ ಬಂದಿದ್ದೆ. ಅಲ್ಲಿ ಈಗ ಬರೀ ಮರಳು. ಪಟ್ಟಿಯಲ್ಲಿ ಎಲ್ಲೋ ತಪ್ಪಿರಬೇಕೆಂದು ಮಧ್ಯಾಹ್ನದವರೆಗೂ ಕೂಡಿಸಿ ಕಳೆದು ನೋಡಿದೆ. ತಪ್ಪಿರಲಿಲ್ಲ.

ಮಧ್ಯಾಹ್ನ ಬಸಲಿಂಗಪ್ಪನವರ ಕರೆ ಬಂತು. ಹಿಂದೆ ಹೊಲಿಗೆ ಯಂತ್ರದ ಸದ್ದು.

"ಅಕ್ಕಾರ, ನೀವು ಮಾಡಿದ್ದು ಚಲೋನ ಐತ್ರಿ. ಆದ್ರ ಆ ಟೈಮ್ ಟೇಬಲ್ ಇವತ್ತ ತಗದ ಹಾಕ್ರಿ."

"ಏನು ತೊಂದರೆ ಆಯ್ತು?"

"ಜಗಳ ನಿಂತೈತ್ರಿ."

"ಅದಕ್ಕೇ ಅಲ್ವಾ ನನ್ನ ಕರೆದದ್ದು?"

ಅವರು ಕೆಮ್ಮಿದರು. ಗಂಟಲಲ್ಲಿ ದಾರ ಸಿಕ್ಕಿದ ಹಾಗೆ, ಎರಡು ಸಣ್ಣದು, ಒಂದು ಉದ್ದ. "ಹೆಂಗ ಹೇಳಲಿ ನಿಮಗ," ಎಂದು ಇಟ್ಟುಬಿಟ್ಟರು.

ಆ ಕೆಮ್ಮು ನನಗೆ ಗೊತ್ತಿತ್ತು. ಕೆಲಸಕ್ಕೆ ಸೇರಿದ ದಿನದಿಂದ ನಾನೊಂದು ಪದ್ಧತಿ ಇಟ್ಟುಕೊಂಡಿದ್ದೆ. ದಿನಕ್ಕೆ ಇಪ್ಪತ್ತನಾಲ್ಕು ಮನೆಗಳಿಗೆ ಫೋನು ಮಾಡಿ, ನಾನು ಹೊಸ ನೀರಗಂಟಿ, ಚೆನ್ನಾಗಿದ್ದೀರಾ ಎಂದು ಕೇಳುವುದು. ತೊಂಬತ್ತು ದಿನಕ್ಕೆ ಇಡೀ ಹೊಳೆ ಮುಗಿಯುತ್ತದೆ. ಯಾರೂ ಹೇಳಿರಲಿಲ್ಲ, ಸಂಬಳ ತೆಗೆದುಕೊಂಡು ಇಷ್ಟೂ ಮಾಡದಿದ್ದರೆ ಹೇಗೆ ಎನ್ನಿಸಿತ್ತು. ಕರೆ ಗೂಡಿಗೆ ಹೋಗುತ್ತದೆ, ಅಲ್ಲಿಂದ ಮನೆಯವರಿಗೆ, ಅವರಿಲ್ಲದಿದ್ದರೆ ಕೈಬದಲಿನವರಿಗೆ. 611ಕ್ಕೆ ಮಾಡಿದಾಗ ಒಬ್ಬರು ಎತ್ತಿದ್ದರು.

"ಹಾಂ, ಎಂತ ಮಾರಾಯ್ರೆ? ನಾನು ಐತಪ್ಪ."

"ಚೆನ್ನಾಗಿದ್ದೀರಾ? ಊಟ ಆಯ್ತಾ?"

"ಆತು ಮಾರಾಯ್ರೆ. ಚಲೋ... ಒಳ್ಳೆದುಂಟು."

ಬಸ್ಸು ಕೇಳುವ ದನಿಯಲ್ಲೇ ಇವರು ಯಾವ ಸೀಮೆಯವರು ಎಂದು ಹೇಳಬಲ್ಲವಳು ನಾನು. ಪುತ್ತೂರಿನವರು 'ಆತು' ಎನ್ನುವುದನ್ನು ಕೇಳಿರಲಿಲ್ಲ. ಆದರೂ, ಇಷ್ಟು ಸಣ್ಣ ವಿಷಯಕ್ಕೆ ಒಬ್ಬರನ್ನು ಅನುಮಾನಿಸಬಾರದೆಂದು ಸುಮ್ಮನಾಗಿದ್ದೆ. ಆ ಕರೆಯ ಹಿಂದೆ ಹೊಲಿಗೆ ಯಂತ್ರವಿತ್ತು. ಕೆಮ್ಮೂ ಇತ್ತು.

ನಾನೇ ವಾಪಸು ಫೋನು ಮಾಡಿದೆ. "ಬಸಲಿಂಗಪ್ಪನವರೇ, 611ರಲ್ಲಿ ಇರೋದು ನೀವೇನಾ?"

ಯಂತ್ರ ನಿಂತಿತು.

"ಐತಪ್ಪ ಹೋಗಿ ಎರಡು ವರ್ಷ ಆತ್ರಿ," ಎಂದರು ಅವರು. "ಅವನ ಮಗಳು ಫೋನ್ ಮಾಡಿ ಹೇಳಿದ್ಲು. ಆ ಗೂಡು ಏನ್ ಮಾಡ್ಲಿ ಅಂಕಲ್ ಅಂತ ಕೇಳಿದ್ಲು. ಕರೆಂಟಿಗೆ ಹಚ್ಚಿ ಬಿಡವಾ, ನಾ ನೋಡ್ಕೋತೀನಿ ಅಂದೆ. ಕೈಬದಲು ನನ್ನ ಹೆಸರಿಗೇ ಇತ್ತು."

"ದೀಪ ಹಚ್ಚಿದ್ರೆ ಸಾಕಿತ್ತಲ್ಲ. ಅವರ ಹೆಸರಲ್ಲಿ ದೂರು ಯಾಕೆ?"

"ದೀಪ ಅಷ್ಟ ಸಾಲೋದಿಲ್ರಿ ಅಕ್ಕಾರ. ಮೂವತ್ತು ದಿನ ಮಾತಿಲ್ಲದ ಮನಿ ಪಾಳು ಅಂತ ಕರಾರಿನಾಗ ಐತಿ. ಮಾತಂದ್ರ ಸುಮ್ಮನ ಮಾತಲ್ಲ, ಯಾರರ ಅದಕ್ಕ ಉತ್ತರ ಕೊಡಬೇಕು. ಅದೂ ಹೊಸಾ ಉತ್ತರ. ಆರಾಮದೀರೇನು, ಆರಾಮದೀನಿ ಅಂದ್ರ ಯಂತ್ರ ಒಪ್ಪೂದಿಲ್ಲ, ಗಿಣಿ ಪಾಠ ಅಂತೈತಿ. ಭಾಳ ಪ್ರಯತ್ನ ಮಾಡಿ ನೋಡೀನಿ. ಕಡೀಕ ಬೈದು ನೋಡಿದೆ. ಬೈಗುಳಕ್ಕ ಪ್ರತಿ ಸಲ ಹೊಸಾ ಉತ್ತರ ಬರತೈತ್ರಿ."

"ಉತ್ತರ ಕೊಡೋರೂ ನೀವೇ ಅಲ್ವಾ?"

"ನಾನ. ಆದ್ರ ಅವನ ಗಾದಿ ಮ್ಯಾಲೆ ಕುಂತಾಗ ಅವನಂಗ ಬರೀಬೇಕಲ್ಲ? ಒಂಬತ್ತ ವರ್ಷ ನನಗ ಬೈದಾನ್ರಿ ಅವ. ಒಮ್ಮೆ ಭೆಟ್ಟಿ ಆಗಿಲ್ಲ. ಹೆಂಗ ಬೈತಾನ ಅನ್ನೋದು ನನ್ನಷ್ಟು ಯಾರಿಗೆ ಗೊತ್ತೈತಿ? ಒಂದೊಂದ ಸಲ ಬರದಿದ್ದು ಓದಿ ನನಗ ಸಿಟ್ಟು ಬರತೈತಿ. ಇವನೌನ, ಸತ್ತರೂ ಬಿಡಲೊಲ್ಲ ಅಂತ."

ನಾನು ನಕ್ಕೆ. ನಗಬಾರದಿತ್ತೇನೋ. ಆಮೇಲೆ ಆ ಹದಿನೇಳು ಮನೆಗಳು ನೆನಪಾದವು. ಅವೂ ಹೀಗೆಯೇ ಯಾರೋ ಕಾಯುತ್ತಿದ್ದ ಮನೆಗಳು. ಅಲ್ಲಿ ಜಗಳಕ್ಕೆ ಕಾರಣವೇ ಇಲ್ಲದಂತೆ ನಾನು ವೇಳಾಪಟ್ಟಿ ಬರೆದಿದ್ದೆ. ತೂಬಿನ ಗಲಾಟೆ ನಿಂತಮೇಲೆ ಏನೆಂದು ಬೈಯಬೇಕೆಂದು ಕಾಯುವವರಿಗೆ ತೋಚಿರಲಿಲ್ಲ.

ಅವತ್ತೇ ವೇಳಾಪಟ್ಟಿ ತೆಗೆಸಲು ಮತಕ್ಕೆ ಹಾಕಿದೆ, ರಾತ್ರಿಯೇ ಪಾಸಾಯಿತು. ಮರುದಿನ ಬೆಳಿಗ್ಗೆ ಬಸಲಿಂಗಪ್ಪನವರ ಮೇಲೆ ಐತಪ್ಪನವರ ದೂರು ಬಂದಿತ್ತು. ತುಂಬ ಕೆಟ್ಟ ಭಾಷೆಯಲ್ಲಿತ್ತು. ಓದಿ ಸಮಾಧಾನವಾಯಿತು.

ಉಳಿದ ದಿನಗಳಲ್ಲಿ ನನ್ನ ಕಿವಿ ಬೇರೆಯಾಯಿತು. ಕರೆ ಮಾಡಿದಾಗ ಮಾತಿಗಿಂತ ಹಿಂದಿನ ಸದ್ದು ಕೇಳುತ್ತಿದ್ದೆ. ಒಂದೇ ಕುಕ್ಕರು ಒಂಬತ್ತು ಮನೆಗಳಲ್ಲಿ ಕೂಗುತ್ತಿತ್ತು. ಒಂದೇ ನಾಯಿ ಹದಿನಾಲ್ಕು ಮನೆಗಳಲ್ಲಿ ಬೊಗಳುತ್ತಿತ್ತು. ಯಾರ ಮನೆ, ಯಾರ ಕೈ ಎಂದು ನೋಟ್‌ಬುಕ್ಕಿನಲ್ಲಿ ಗುರುತು ಮಾಡುತ್ತ ಹೋದೆ. ಕೆಲವರು ತೀರಿಕೊಂಡಿದ್ದರು, ಕೆಲವರು ಬೇಸತ್ತು ಬಿಟ್ಟಿದ್ದರು, ಕೆಲವರು ಬರುತ್ತೇನೆಂದು ಹೇಳಿ ಹೋದವರು. ಯಾರನ್ನೂ ನಾನು ಕೆಣಕಲಿಲ್ಲ. ಎಂಬತ್ತೆರಡನೆಯ ದಿನ, ಇನ್ನೂ ಇನ್ನೂರಕ್ಕೆ ಕಡಿಮೆ ಮನೆಗಳು ಉಳಿದಿದ್ದಾಗ, ಕರಾರಿನಿಂದ ನನಗೊಂದು ಪತ್ರ ಬಂತು.

ಅದು ಹದಿನೇಳನೆಯ ಕಲಮು. ಹದಿನಾಲ್ಕು ವರ್ಷದಿಂದ ಯಾರೂ ಅದನ್ನು ನೋಡಿರಲಿಲ್ಲ, ಏಕೆಂದರೆ ಸಂಬಳದವರು ಯಾರೂ ಇರಲಿಲ್ಲ. ಹೊಳೆಯಲ್ಲಿ ಸಂಬಳ ಪಡೆಯುವ ವ್ಯಕ್ತಿ ಇರುವವರೆಗೆ, ಆ ವ್ಯಕ್ತಿ ಮೂರು ತಿಂಗಳಿಗೊಮ್ಮೆ ಮನೆಯವರೇ ಸ್ವಂತ ಕೈಯಿಂದ ದೀಪ ಹಚ್ಚುವ ಮನೆಗಳೆಷ್ಟು ಎಂದು ಬರೆದು ಬೆರಳೊತ್ತಬೇಕು. ಅರ್ಧಕ್ಕಿಂತ ಕಡಿಮೆಯಿದ್ದರೆ ಹೊಳೆ ನಿಲ್ಲುತ್ತದೆ, ಎಲ್ಲ ಗೂಡುಗಳೂ ಅಳಿಸಿಹೋಗುತ್ತವೆ. ಬೆರಳೊತ್ತದಿದ್ದರೂ ಅಷ್ಟೇ. ಖಾಲಿ ಮನೆಗಳ ಹೆಸರಿನಲ್ಲಿ ಯಾರೋ ಒಬ್ಬ ಸಂಬಳ ತಿನ್ನುತ್ತ ಕೂರಬಾರದೆಂದು ಕಟ್ಟಿದವರು ಬರೆದಿಟ್ಟದ್ದು. ಒಳ್ಳೆಯ ಉದ್ದೇಶವೇ. ಸಂಬಳಕ್ಕೆ ಜನ ಇಡಬೇಕೆಂದು ಮತ ಹಾಕಿದವರು ಮಾತ್ರ ಕರಾರನ್ನು ಅಷ್ಟು ದೂರ ಓದಿರಲಿಲ್ಲ.

ಉಳಿದ ಮನೆಗಳಿಗೆ ಎರಡೇ ದಿನದಲ್ಲಿ ಕರೆ ಮಾಡಿ ಮುಗಿಸಿ ನೋಟ್‌ಬುಕ್ಕು ಎಣಿಸಿದೆ. ಅರ್ಧವೆಂದರೆ ಸಾವಿರದ ಎಪ್ಪತ್ತೆರಡು ಮನೆಗಳಾದರೂ ಆಗಬೇಕು. ನನ್ನ ಲೆಕ್ಕದಲ್ಲಿ ಎಂಟುನೂರ ಹನ್ನೆರಡು. ಎರಡನೆಯ ಸಲ ಎಣಿಸಿದರೆ ಎಂಟುನೂರ ಹದಿಮೂರು. ಮೊದಲ ಸಲ ನನ್ನ ಮನೆಯನ್ನು ಬಿಟ್ಟಿದ್ದೆ.

ಆಗ ಇನ್ನೊಂದು ವಿಷಯ ಹೊಳೆಯಿತು. ನನ್ನ ನೇಮಕಕ್ಕೆ ಬಿದ್ದದ್ದು ಸಾವಿರದ ಎಂಟುನೂರ ಎರಡು ಮತ. ಅಂದರೆ ಅರ್ಧಕ್ಕೂ ಹೆಚ್ಚು ಮತ ಹಾಕಿದವರು ಇಲ್ಲದವರು. ಇಲ್ಲದವರ ಮತದಿಂದ, ಇಲ್ಲದವರ ಜಗಳ ನಿಲ್ಲಿಸಲು ನನ್ನನ್ನು ಇಟ್ಟುಕೊಂಡಿದ್ದರು.

ಗಂಡನಿಗೆ ಫೋನು ಮಾಡಿ ಹೇಳಿದೆ.

"ಒಂದು ನಂಬರ್ ಬರ್ದಾಕು. ಸಾವಿರದಿನ್ನೂರು ಅಂತ ಬರಿ. ಯಾರ್ ಬಂದು ಎಣಿಸ್ತಾರೆ?" ಎಂದರು.

"ನಾನು ಎಣಿಸಿದ್ದೀನಲ್ಲ."

"ನಿಂಗೆ ಯಾವಾಗ್ಲೂ ಇದೇ ಆಯ್ತು. ಬಸ್ ಸ್ಟ್ಯಾಂಡಲ್ಲೂ ಇಂಗೇ. ಬಸ್ಸು ತಡ ಅಂತ ನೀನೇ ಎಲ್ರಿಗೂ ಕ್ಷಮೆ ಕೇಳ್ತಿದ್ದೆ, ಬಸ್ಸು ನಿಮ್ಮಪ್ಪಂದು ಅನ್ನೋ ಹಂಗೆ."

ಅವರು ಹೇಳಿದ್ದು ತಪ್ಪೂ ಅಲ್ಲ. ಬರೆದುಬಿಟ್ಟರೆ ಕೆಲಸ ಉಳಿಯುತ್ತಿತ್ತು, ಹೊಳೆಯೂ ಉಳಿಯುತ್ತಿತ್ತು. ಆದರೆ ಮೂರು ತಿಂಗಳಿಗೊಮ್ಮೆ ಅದೇ ಸುಳ್ಳಿನ ಮೇಲೆ ಹೆಬ್ಬೆರಳಿಡಬೇಕಿತ್ತು. ನನ್ನ ನಾಡಿ ಹಿಡಿಯುವ ಗೂಡಿನ ಮೇಲೆ. ನಿಜ ಬರೆದರೆ ಐತಪ್ಪನವರ ಮನೆಯೂ, ಎಲ್ಲರ ಮನೆಯೂ ಮೆಟ್ಟಿಲುಗಳ ಹಾಗೆ ಮರಳು. ಎರಡನ್ನೂ ಯೋಚಿಸುತ್ತ ಹೂ ಕಟ್ಟುತ್ತಿದ್ದೆ. ಮೂರು ಮೊಳ ಕಟ್ಟಿದ್ದನ್ನು ಅತ್ತೆ ಎತ್ತಿ ನೋಡಿ ಕೆಳಗಿಟ್ಟರು.

"ಬಿಚ್ಚು. ದೇವ್ರಿಗೆ ಹಾಕಿದ್ರೆ ದೇವ್ರೇ ಉದುರ್ತಾನೆ."

"ಅತ್ತೆ, ನಿಮ್ ಊರಲ್ಲಿ ನೀರಗಂಟಿ ಯಾವತ್ತಾದ್ರೂ ಸಿಕ್ಕಾಕ್ಕೊಂಡಿದ್ದನಾ? ಆ ಕಡೆ ಹೇಳಿದ್ರೂ ತಪ್ಪು, ಈ ಕಡೆ ಹೇಳಿದ್ರೂ ತಪ್ಪು ಅನ್ನೋ ಹಾಗೆ?"

ಅತ್ತೆ ಯೋಚಿಸಿದರು. "ಒಂದು ಸತಿ ಮೇಲ್ಕೇರಿ ಕೆಳ್ಕೇರಿ ಹೊಡ್ದಾಟಕ್ಕೆ ನಿಂತಿದ್ವು. ಕೆರೇಲಿ ನೀರು ಎಷ್ಟೈತೆ ಹೇಳು ಅಂತ ಅವ್ನ ಕುತ್ಗೆ ಮೇಲೆ ಕುಂತ್ರು. ಹೇಳುದ್ರೆ ರಕ್ತ ಹರೀತಿತ್ತು. ಅವ್ನು ಅಳತೆ ಕೋಲು ತಂದು ತೂಬಿನ ಕಲ್ಲಿನ್ ಮೇಲಿಟ್ಟ. ಇನ್ ನಾನು ನೀರಗಂಟಿ ಅಲ್ಲ, ನನ್ನ ಕೇಳಂಗಿಲ್ಲ ಅಂತ ಮನೆಗೆ ಹೊಂಟೋದ."

"ಆಮೇಲೆ?"

"ಆಮೇಲೇನು, ಹೊಟ್ಟೆಗಿಲ್ದೆ ಒದ್ದಾಡ್ದ. ಊರು ಉಳೀತು." ಅವರು ನನ್ನ ಮುಖ ನೋಡಿದರು. "ಯಾಕೆ ಕೇಳ್ದೆ?"

ನಾನು ಮಾಲೆ ಬಿಚ್ಚತೊಡಗಿದೆ.

ತೊಂಬತ್ತನೆಯ ದಿನ ಶನಿವಾರ. ಸಂಜೆ ನಾಲ್ಕು ಗಂಟೆಗೆ ಬೆರಳೊತ್ತಬೇಕು. ಮೂರು ಗಂಟೆಗೆ ಸಭೆ ಕರೆದೆ. ಗಿರಣಿಯವರಿಗೆ ಒಂದು ಗಂಟೆ ನಿಲ್ಲಿಸಿ ಎಂದು ಕೇಳಿಕೊಂಡೆ. ಅವರು ನಿಲ್ಲಿಸಲಿಲ್ಲ. ನಡುಗುವ ಕುರ್ಚಿಯ ಮೇಲೆಯೇ ಕೂತು ಮಾತಾಡಿದೆ. ಫೋನಿನಲ್ಲಿ ಆರುನೂರು ಚಿಲ್ಲರೆ ಜನರಿದ್ದರು.

ಹದಿನೇಳನೆಯ ಕಲಮು ಓದಿ ಹೇಳಿದೆ. ನನ್ನ ಎಣಿಕೆ ಹೇಳಿದೆ. ಯಾರ ಹೆಸರನ್ನೂ ಹೇಳಲಿಲ್ಲ.

ಮೊದಲು ಜೆಸಿಂತಾ ಸಣ್ಣ ದನಿಯಲ್ಲಿ, "ನಾನು ಆರು ಹಚ್ತೇನೆ," ಎಂದರು. "ಆರು ಮನೆ. ನಾನೊಬ್ಬಳೇ ಹೀಗೆ ಮೋಸ ಮಾಡುವುದು ಅಂತ ಎಣಿಸಿದ್ದೆ."

"ನಂದು ನಲವತ್ತಮೂರು," ಎಂದರು ಬಸಲಿಂಗಪ್ಪ.

"ದೇವರೇ! ನಲವತ್ತಮೂರು ಜನರಿಗೆ ಬೈತೀರಾ ಅಜ್ಜ?"

"ಪಾಳಿ ಹಚ್ಚೀನಿ ತಂಗಿ. ಸೋಮವಾರ ಒಂದಿಷ್ಟು, ಮಂಗಳವಾರ ಒಂದಿಷ್ಟು."

ಆಮೇಲೆ ಒಬ್ಬೊಬ್ಬರಾಗಿ ಹೇಳತೊಡಗಿದರು. ಎರಡು. ಹನ್ನೊಂದು. ನಮ್ಮಣ್ಣಂದು ಒಂದು. ನನ್ನ ಜೊತೆ ಓದಿದವಳದು. ಯಾರೆಂದು ಗೊತ್ತಿಲ್ಲ, ತೋಟ ಚೆನ್ನಾಗಿತ್ತು, ಹಾಳಾಗುವುದು ಬೇಡವೆಂದು. ಪ್ರತಿಯೊಬ್ಬರೂ ತಾನೊಬ್ಬನೇ ಕಳ್ಳ ಎಂದು ವರ್ಷಗಟ್ಟಲೆ ತಿಳಿದಿದ್ದರು. ಗಡಿಯಾರ ಮೂರೂ ನಲವತ್ತು ತೋರಿಸುತ್ತಿತ್ತು.

"ಈಗೆಂತ ಮಾಡುವುದು?" ಎಂದರು ಜೆಸಿಂತಾ. "ಸುಧಾಮಣಿ, ನೀವು... ಸ್ವಲ್ಪ ಹೆಚ್ಚು ಬರೀಲಿಕ್ಕೆ ಆಗ್ತದಾ?"

"ಆಗಲ್ಲ," ಎಂದೆ. "ಆದರೆ ಸಂಬಳದವರು ಇಲ್ಲದಿದ್ದರೆ ಲೆಕ್ಕ ಕೇಳುವ ಹಾಗಿಲ್ಲ. ಕೆಲಸ ಬಿಡೋದಕ್ಕೆ ಮತ ಬೇಕಾಗಿಲ್ಲ, ನನ್ನ ಬೆರಳೇ ಸಾಕು. ನಾಲ್ಕಕ್ಕೆ ಮುಂಚೆ ಬಿಡ್ತಿದ್ದೀನಿ. ಆ ಹದಿನೇಳು ಮನೆಗಳ ವಿಷಯದಲ್ಲಿ... ಅದು ನನ್ನಿಂದ ಆದದ್ದು. ಕ್ಷಮಿಸಿ."

"ಅಕ್ಕಾರ, ತಡೀರಿ," ಎಂದರು ಬಸಲಿಂಗಪ್ಪ. "ನಿಮ್ಮ ಹೊಟ್ಟಿಪಾಡು?"

ಗೂಡಿನ ಮೇಲೆ ಹೆಬ್ಬೆರಳಿಟ್ಟೆ. ಮೂರೂ ಐವತ್ತೆರಡು. ಗೋಡೆಯ ಪರದೆ ಆರಿತು. ಅದು ನೀರಗಂಟಿಯದು, ನನ್ನದಲ್ಲ. ನಾಲ್ಕು ದಾಟಿದ ಮೇಲೆ ಜೆಸಿಂತಾ ಒಂದೇ ಪದದ ಸಂದೇಶ ಕಳಿಸಿದರು: ಹರೀತಿದೆ.

ನಾನು ಮಾಡಿದ್ದು ಪ್ರಾಮಾಣಿಕತೆಯೋ, ಜವಾಬ್ದಾರಿಯಿಂದ ನುಣುಚಿಕೊಂಡದ್ದೋ, ಇವತ್ತಿಗೂ ತಿಳಿಯದು. ಗೂಡನ್ನು ಮನೆಗೆ ತಂದು ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟೆ. ಹನುಮಂತರಾಯ ಎರಡು ಸಲ ಊರಿಗೆ ಬಂದರೂ ಈ ವಿಷಯ ಎತ್ತಲಿಲ್ಲ, ಮಾತಾಡಿದ್ದರೆ ಚೆನ್ನಾಗಿತ್ತು. ಎರಡು ತಿಂಗಳ ಮೇಲೆ ರಕ್ತ ಪರೀಕ್ಷೆ ಮಾಡುವ ಕಡೆ ಟೋಕನ್ ಕೂಗುವ ಕೆಲಸ ಸಿಕ್ಕಿತು. ಅಲ್ಲಿ ಕೂತಾಗಲೂ ಯಾರಾದರೂ ಕೆಮ್ಮಿದರೆ ಹಿಂತಿರುಗಿ ನೋಡುತ್ತಿದ್ದೆ. ಹೊಳೆಯಲ್ಲಿ ಯಾರ ದೀಪ ಇದೆಯೋ, ಯಾರದು ಹೋಯಿತೋ ಎಂದು ಕಾಡುತ್ತಿತ್ತು. ಕೇಳಲು ಧೈರ್ಯವಾಗಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಹೂ ಕಟ್ಟುತ್ತಿದ್ದಾಗ ಜೆಸಿಂತಾ ಫೋನು ಮಾಡಿದರು.

"ಎಂತ ಸುಧಾಮಣಿ, ನೀವು ಹೀಗೆಲ್ಲ ಬರೆಯುವುದಾ?" ದನಿಯಲ್ಲಿ ನಗು ತಡೆದುಕೊಂಡಿದ್ದರು.

"ಏನು ಬರೆದೆ?"

"ಎರಡು ತಿಂಗಳಿಂದ ನಿಮ್ಮದೇ ಗಲಾಟೆ ಮಾರಾಯ್ತಿ. ಕೇಳಿ, ನಿನ್ನೆದು ಓದ್ತೇನೆ. ಮನೆ ನಂಬರ್ 2161ರಿಂದ. 'ಮಾನ್ಯರೆ, 610ನೇ ಮನೆಯವರ ಗಮನಕ್ಕೆ. ತಮ್ಮ ತೂಬು ಏಳೂ ಹತ್ತಕ್ಕೆ ಹೊರಡಬೇಕಾದದ್ದು ಏಳೂ ಇಪ್ಪತ್ತಕ್ಕೆ ಹೊರಟಿರುತ್ತದೆ. ಹಿಂಗ ಮಾಡಿದ್ರ ಕಡೀ ಮನಿಗೆ ನೀರು ಹೆಂಗ ಬರಬೇಕು? ಅನಾನುಕೂಲಕ್ಕೆ ಕ್ಷಮೆ ಇರಲಿ.'"

ನಾನು ದಾರ ಕೆಳಗಿಟ್ಟೆ.

"610 ಕೊಟ್ಟ ಉತ್ತರ ಇಲ್ಲಿದೆ. 'ಬಸ್ಸಿಗೆ ಟೈಮ್ ಹೇಳೂ ಹೆಣ್ಮಗಳು ಹೊಳಿಗೆ ಟೈಮ್ ಹೇಳಬಾರದು. ಮದಲ ಕ್ಷಮಾ ಕೇಳೂದು ಬಿಡ್ರಿ, ಆಮ್ಯಾಲೆ ಬೈಯೂದು ಕಲೀರಿ.'"

ಕೈಬದಲು. ಗೊತ್ತಿದ್ದ ಒಂದೇ ನಂಬರೆಂದು ನಾನೇ ಹಾಕಿದ್ದು. ಬಸಲಿಂಗಪ್ಪನವರು ಹೆಬ್ಬೆರಳಿಟ್ಟು ವಾರವಾರ ನನ್ನ ದೀಪ ಹಚ್ಚುತ್ತಿದ್ದರು. ನನ್ನ ಗಾದಿಯ ಮೇಲೆ ಕೂತು ನನ್ನಂತೆ ಬರೆಯಲು ಕಷ್ಟಪಡುತ್ತಿದ್ದರು.

ಕೆನ್ನೆ ಬಿಸಿಯಾಯಿತು. ನಾನು 'ಹೊರಟಿರುತ್ತದೆ' ಎಂದೆಲ್ಲ ಬರೆಯುವುದಿಲ್ಲ. ಮಾತುಮಾತಿಗೆ ಕ್ಷಮೆ ಕೇಳುತ್ತೇನೆಯೇ? ಕೇಳುತ್ತೇನೇನೋ. ಆದರೂ ಇಡೀ ಹೊಳೆಯ ಮುಂದೆ ನನ್ನನ್ನು ಹೀಗೆ ತೋರಿಸುವುದೆಂದರೇನು? ಎದ್ದು ಹೋಗಿ ಟ್ರಂಕು ತೆಗೆದೆ. ಸೀರೆ ಬಿಚ್ಚಿ ಗೂಡನ್ನು ತಂದು ಹೂವಿನ ಬುಟ್ಟಿಯ ಪಕ್ಕದಲ್ಲಿಟ್ಟು ಕರೆಂಟಿಗೆ ಹಾಕಿದೆ.

ಅತ್ತೆ ತಲೆಯೆತ್ತಿದರು. "ಮತ್ತೆ ಕೆಲ್ಸ ಕೊಟ್ರಾ?"

"ಇಲ್ಲ."

"ಮತ್ತೆ ಅದ್ನ ಯಾಕೆ ತೆಗ್ದೆ?"

"ಒಬ್ಬರಿಗೆ ಬೈಯೋದಿದೆ," ಎಂದು ಹೆಬ್ಬೆರಳಿಟ್ಟೆ. ಗೂಡು ನಿಧಾನವಾಗಿ ಬೆಚ್ಚಗಾಗತೊಡಗಿತು.